ಪರದೆ ತೋರಿಸಿದ ಗಾಲಿ

ಅವತ್ತಿನ ದಿನಚರಿಯಲ್ಲಿ ‘ಚನ್ನಗಿರಿಯ ಪಂಕ್ಚರ್ ಅಂಗಡಿಯವರು ಏನೂ ಹೇಳಲಿಲ್ಲ’ ಎಂದು ಬರೆದಿದ್ದೇನೆ. ಆ ಸಾಲಿನ ಮೇಲೆ ನನಗೀಗ ಅನುಮಾನ.

ನಮ್ಮದು ಪ್ರವಾಸಕ್ಕೆಂದೇ ಒಳಗೆ ಹಾಸಿಗೆ, ಗ್ಯಾಸ್ ಒಲೆ ಕೂರಿಸಿದ ಹಳೇ ವ್ಯಾನು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅಕ್ಕನನ್ನು ಅದರಲ್ಲಿ ಮಲಗಿಸಿಕೊಂಡು ಗೋವಿನಕೋವಿಯ ಅವಳ ಮನೆಗೆ ಬಿಡಬೇಕಿತ್ತು. ದಾರಿಯಲ್ಲಿ ಚನ್ನಗಿರಿಯಲ್ಲಿ ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಗಾಳಿ ಅಳೆಯುವ ಸೆನ್ಸರುಗಳು ಒಂದೊಂದು ಗಾಲಿಯ ವಾಲ್ವಿನ ಮೇಲೂ ಮುಚ್ಚಳದಂತೆ ಕೂತಿರುತ್ತವೆ. ಯಾವ ಗಾಲಿಯಲ್ಲಿ ಎಷ್ಟಿದೆ ಎಂದು ಸ್ಟೇರಿಂಗ್ ಪಕ್ಕ ಸಿಕ್ಕಿಸಿದ, ಕೈಗೆ ತೆಗೆದುಕೊಳ್ಳಬಹುದಾದ ಪುಟ್ಟ ಪರದೆ ತೋರಿಸುತ್ತದೆ.

ಬಸವಾಪಟ್ಟಣ ದಾಟಿ ಕಾಲುವೆ ಪಕ್ಕದ ರಸ್ತೆಗೆ ಬಂದಾಗ ಪರದೆ ಕೂಗಿತು. ಹಿಂದಿನ ಎಡ ಗಾಲಿ. ನಲವತ್ತಿರಬೇಕಾದದ್ದು ಮೂವತ್ತೆರಡು.

ಇಳಿದೆ. ವ್ಯಾನಿನ ಹಿಂದಿನಿಂದ ಬಳಸಿ ಹೋಗಿ ಆ ಗಾಲಿಗೆ ಒದ್ದೆ. ಕಲ್ಲಿನ ಹಾಗಿತ್ತು.

“ಮಿಷಿನ್ ಸುಳ್ಳು ಹೇಳ್ತೈತಕ್ಕ.”

“ನಿನ್ನಂಗೇ ಜಾಸ್ತಿ ಓದಿರ್ಬೇಕು ಬಿಡು.”

ಮತ್ತೆ ಹೊರಟೆವು. ಇಪ್ಪತ್ತೇಳು. ಇಪ್ಪತ್ತಮೂರು. ಕೂಗು ನಿಲ್ಲಲಿಲ್ಲ. ನಾನೇ ಅದರ ಸದ್ದು ಅಡಗಿಸಿದೆ. ಇದೊಂದು ಮಾತ್ರ ಖಚಿತವಾಗಿ ನೆನಪಿದೆ.

ಸ್ವಲ್ಪ ದೂರದಲ್ಲೇ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಎಡಕ್ಕೆ ತುಂಬಿ ಹರಿಯುವ ಕಾಲುವೆ. ಹಿಂದೆ ಅಕ್ಕ, ಉರುಳದಿರಲೆಂದು ಸೊಂಟಕ್ಕೆ ನಾನೇ ಬಿಗಿದಿದ್ದ ಪಟ್ಟಿ. ವ್ಯಾನು ನೀರಿಗೆ ಬಿದ್ದರೆ ಅವಳು ಏಳಲಾರಳು. ಬ್ರೇಕ್ ಒತ್ತಲು ಹೆದರಿ, ಎರಡೂ ಕೈಯಿಂದ ಬಲಕ್ಕೆ ಜಗ್ಗಿ ಹಿಡಿದೆ. ವ್ಯಾನು ಏರಿಯ ಅಂಚಿಗೆ ಒಂದು ಮಾರು ಇರುವಾಗ ನಿಂತಿತು.

ನೆಲಕ್ಕಂಟಿದ್ದದ್ದು ಮುಂದಿನ ಎಡ ಗಾಲಿ. ಗಾಲಿಗಳ ಜೊತೆ ಸೆನ್ಸರುಗಳೂ ಜಾಗ ಬದಲಿಸಿದ್ದವು. ಪರದೆಗೆ ಅದು ತಿಳಿದಿರಲಿಲ್ಲ; ಮುಂದಕ್ಕೆ ಬಂದ ಗಾಲಿಯನ್ನು ಇನ್ನೂ ಹಿಂದಿನದೆಂದೇ ತೋರಿಸುತ್ತಿತ್ತು.

“ಅಂಗಡಿಯೋರು ಹೇಳ್ಲಿಲ್ಲೇನೋ?”

“ಇಲ್ಲ” ಎಂದೆ. ಹಾಗೆನ್ನುವಾಗಲೇ ಕಿವಿಯಲ್ಲಿ ಒಂದು ದನಿ: “ಸಾರ್, ಮುಚ್ಚಳ ಅದಲುಬದಲು ಮಾಡ್ಕೊಳ್ರಿ.” ಅದು ಅವರು ನಿಜವಾಗಿ ಆಡಿದ್ದೋ, ಹೆದರಿದ ನನ್ನ ಮನಸ್ಸು ಕಟ್ಟಿಕೊಂಡದ್ದೋ? ಆದರೆ “ಹೂಂ ರೀ” ಎಂದ ನನ್ನ ದನಿಯೂ ಅದರ ಬೆನ್ನಿಗೇ ಕೇಳುತ್ತದೆ.

ಸ್ಟೆಪ್ನಿ ಹಾಕಿ, ಸೆನ್ಸರುಗಳನ್ನು ಅವುಗಳ ಜಾಗಕ್ಕೆ ಬದಲಿಸಿದೆ.

“ಸರಿಯಾಗಿ ಹಾಕ್ದ್ಯಾ?”

“ಹಾಕೀನಿ.”

“ಆ ಪರದೆ ಇಲ್ಲಿ ಕೊಡು. ಒಂದೊಂದೇ ಮುಚ್ಚಳ ಬಿಚ್ಚು, ನಾನು ನೋಡ್ತೀನಿ.”

ಮೊದಲು ಮುಂದಿನ ಬಲ ಗಾಲಿಯದನ್ನು ಬಿಚ್ಚಿದೆ.

“ಮುಂದೆ ಬಲ, ಸೊನ್ನೆ ಬಂತು. ಇದ್ಯಾಕೋ ಕೂಗವಲ್ದು?”

“ಆಗಲೇ ನಾನು ಸದ್ದು ತೆಗೆದಿದ್ದೆ” ಎಂದೆ.

ಅಕ್ಕ ನಾಲ್ಕೂ ಮುಗಿದ ಮೇಲೆ, “ಸದ್ದು ಹಾಕಿ ಕೊಡು. ಮತ್ತೆ ಮೊದಲಿಂದ ಬಿಚ್ಚು” ಎಂದಳು. ಬಿಚ್ಚಿದೆ. ಪರದೆ ನಾಲ್ಕು ಸಲ ಕೂಗಿತು.

ಗೋವಿನಕೋವಿಯವರೆಗೆ ಅದನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ಎದೆಯ ಮೇಲಿಟ್ಟುಕೊಂಡು, ತಿರುವು ಬಂದಾಗಲೆಲ್ಲ ನಾಲ್ಕೂ ಗಾಲಿಯ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದಳು.