ಅಪ್ಪ ಸೈಕಲ್ ಇಳಿದ ಜಾಗ

ಸೈಕಲ್ ಚೈನಿಗೆ ಬಿಟ್ಟ ಕೊಬ್ಬರಿ ಎಣ್ಣೆ ಬಿಸಿಲಿಗೆ ಕಾದರೆ ಒಂದು ಕಮಟು ವಾಸನೆ ಬರುತ್ತದೆ. ನಿಮ್ಮ ಮನೆಯಲ್ಲೂ ಹಳೆಯ ಸೈಕಲ್ ಇದ್ದಿದ್ದರೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ಬತ್ತೇರಿ ಪೇಟೆಯಲ್ಲಿ ಬಣ್ಣದ ಟೊಪ್ಪಿ ಹಾಕಿದವರು, ಇನ್ನು ಎಲ್ಲರೂ ಸೈಕಲ್ ತುಳಿಯಬೇಕು, ಹೊಗೆಯಿಲ್ಲ, ಪೆಟ್ರೋಲ್ ಬೇಡ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ಅವರ ಪಕ್ಕ ಒಬ್ಬ ಮುದುಕ ತುಕ್ಕು ಸೈಕಲ್ ಹಿಡಿದು ನಿಂತಿದ್ದ. ವಾಸನೆ ಅದರದು. ಮೈಕಿನವರು ಹೇಳಿದ್ದೇನೋ ನಿಜವೇ. ನಮ್ಮ ಆದಿವಾಸಿ ಹಾಡಿಯ ಜನಕ್ಕೆ ಅದು ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಮುತ್ತಂಗದ ಕಾಡಂಚಿನ ಆ ಹಾಡಿಯಲ್ಲಿ ಈಗ ತೇಗದ ಮರ ಬಿಟ್ಟರೆ ಏನೂ ಇಲ್ಲ. ಆಗ ಅಷ್ಟೂ ಗುಡಿಸಲಿಗೆ ಅಪ್ಪನದೊಂದೇ ಸೈಕಲ್. ಗೌಡರ ತೋಟದಲ್ಲಿ ಮೆಣಸು ಕುಯ್ದು ಹಳೆಯದನ್ನು ಕೊಂಡಿದ್ದ. ರೇಷನ್ ಅಕ್ಕಿ ಅದರ ಮೇಲೆ ಬರುತ್ತಿತ್ತು, ಬಸುರಿಯರು ಅದರ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದರು. "ನಿನ್ ಗಂಡಂಗಿಂತ ಸೈಕಲ್ಲೇ ವಾಸಿ ಕಣವ್ವ, ಕುಡಿಯಾಕಿಲ್ಲ" ಎಂದು ಪಕ್ಕದ ಗುಡಿಸಲಿನ ಕೆಂಚಜ್ಜಿ ಅವ್ವನನ್ನು ಕಾಡುತ್ತಿದ್ದಳು.

ಬತ್ತೇರಿ ದಾರಿಯಲ್ಲಿ ನಮ್ಮ ದೈವದ ಮರವಿತ್ತು. ಅದರ ಮುಂದೆ ಸೈಕಲ್ ಏರಿಕೊಂಡು ಹೋಗುವಂತಿಲ್ಲ. ಇಳಿದು, ಬುಡಕ್ಕೊಂದು ಹಸಿ ಸೊಪ್ಪು ಹಾಕಿ, ನಡೆದು ದಾಟಬೇಕು. ಪೊಲೀಸರು ನಕ್ಸಲರಿಗಾಗಿ ಕಾಡು ಜಾಲಾಡುತ್ತಿದ್ದ ಕಾಲ ಅದು. ಭೂಮಿ ಕೊಡಿ ಎಂದು ಬಾಯಿ ಬಿಟ್ಟವರೆಲ್ಲ ಅವರ ಕಣ್ಣಿಗೆ ನಕ್ಸಲರೇ. ಒಂದು ದಿನ ಅಪ್ಪ ಅವಸರದಲ್ಲಿ ಇಳಿಯದೆ ದಾಟಿಬಿಡುವುದರಲ್ಲಿದ್ದ. ಹಿಂದೆ ಕೂತಿದ್ದ ನಾನೇ ಬೆನ್ನು ತಟ್ಟಿ, "ಅಪ್ಪಾ, ಸೊಪ್ಪು" ಎಂದೆ. ಇಳಿದು ಸೊಪ್ಪು ಹಾಕಿದ. ಪೊದೆಯೊಳಗಿಂದ ಪೊಲೀಸರು ಎದ್ದು ಬಂದರು.

"ಯಾರಿಗೋ ಗುರುತು ಇಡೋದು?"

"ದೈವಕ್ಕೆ, ಸಾರೇ."

"ದಿನಾಲೂ ಇಡ್ತೀಯ. ನೋಡ್ತಾನೇ ಇದ್ದೀವಿ."

"ದಿನಾಲೂ ಹೋಯ್ತೀನಲ್ಲ, ಸಾರೇ."

ಅಪ್ಪನಿಗೆ ಹೊಡೆದು, ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಹೋದರು. ಕೇಳಲು ಹೋದಾಗಲೆಲ್ಲ ನಾಳೆ ಬಾ ಎಂದರು.

ತಿಂಗಳು ಕಳೆಯುವುದರೊಳಗೆ ತಂಗಿ ಮಾಚಿಗೆ ಜ್ವರ ಏರಿತು. ಅಪ್ಪ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಕು ಹರಿಯುವಾಗ ಬತ್ತೇರಿಯ ಆಸ್ಪತ್ರೆಗೆ ಹೊರಟ. ಸೈಕಲ್ಲಿನಲ್ಲಾದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದಿತ್ತು. ನಡೆದರೆ ಹಿಂದಿರುಗುವಾಗ ಸಂಜೆ. ಅವ್ವ ರಾಗಿ ಬೀಸುತ್ತ ಕೂತಳು. ಮಾಚಿ ಅರ್ಧ ದಾರಿಯಲ್ಲೇ ಹೋಗಿಬಿಟ್ಟಿದ್ದಳು. ಅಪ್ಪ ಅಲ್ಲಿಂದಲೇ ತಿರುಗಿದ್ದ. ನಮಗೆ ಅದು ಗೊತ್ತಿಲ್ಲ. ಮಧ್ಯಾಹ್ನಕ್ಕೆ ಅವನು ಬಾಗಿಲಲ್ಲಿ ನಿಂತಾಗ ಅವ್ವನ ಮುಖ ಅರಳಿತು.

"ಬೇಗ ಬಂದ್ಯಲ್ಲ," ಎಂದಳು. "ಯಾರ್ ಸೈಕಲ್ ಸಿಕ್ತು?"

ಎದೆಯ ಮೇಲಿನ ಬಟ್ಟೆಯ ಗಂಟು ಬಿಚ್ಚಲು ಅಪ್ಪನ ಕೈಯಿಂದ ಆಗುತ್ತಿರಲಿಲ್ಲ. ನಾನು ಬಿಚ್ಚಿದೆ.