ಮಣಿ ಬಿಗಿಯಾದ ದಿನ

ಆಕೆ ಮೊದಲೇ ಹೇಳಿದ್ದಳು. ಇಷ್ಟು ವರ್ಷಗಳಾದರೂ ನನಗೆ ತಡೆಯಲಾಗದ್ದು ಅದೇ.

ಎಪ್ಪತ್ತರ ದಶಕದ ಕೊನೆ. ನಾನು ಬಿ.ಎ. ಮುಗಿಸಿ ಹೊನ್ನಾವರದ ಮನೆಯಲ್ಲಿದ್ದೆ. ಕುಮಟಾ ಬದಿಯ ಒಂದು ಕೊಪ್ಪದಿಂದ, ಹಾಲಕ್ಕಿ ಒಕ್ಕಲಿಗರ ಕೇರಿಯಿಂದ, ಒಬ್ಬ ಅಜ್ಜಿ ಬಸ್ಸಿನಲ್ಲಿ ಬಸಳೆ, ಹರಿವೆ ತಂದು ನಮ್ಮ ಬೀದಿಯಲ್ಲಿ ಮಾರುತ್ತಿದ್ದಳು. ಅವರ ಹೆಂಗಸರೆಲ್ಲರಂತೆ ಅವಳ ಕುತ್ತಿಗೆಯೂ ಗದ್ದದ ಕೆಳಗಿನಿಂದ ಎದೆಯವರೆಗೆ ಮಣಿಸರಗಳಲ್ಲಿ ಮುಚ್ಚಿಹೋಗಿತ್ತು. ಆ ಕುತ್ತಿಗೆಯ ಚರ್ಮವನ್ನು ನಾನು ಒಮ್ಮೆಯೂ ಕಂಡವಳಲ್ಲ.

ಅವತ್ತು ಬುಟ್ಟಿ ಇಳಿಸಿ ನಮ್ಮ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ.

“ಮಣಿ ಬಿಗಿ ಆತು, ತಂಗಿ. ಉಸ್ರು ತೆಗೂಕೆ ಆಗೂದಿಲ್ಲ. ಎರಡು ದಿನ ಆತು, ಕವಳ ಸೈತ ಹಾಕ್ಲಿಲ್ಲ.”

ಎಲೆಯಡಿಕೆ ಬಿಟ್ಟಳೆಂದರೆ ಏನೋ ಕೆಟ್ಟಿದೆ ಎಂದು ನನಗೂ ಭಯವಾಯಿತು. ಪೇಟೆಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆ.

“ಪ್ರಾಯ ಎಷ್ಟು?” ಎಂದ ಕಂಪೌಂಡರ್, ಚೀಟಿ ಬರೆಯುತ್ತ.

“ಯಾರು ಬರ್ದಿಟ್ಟೀರು, ಒಡ್ಯಾ?”

ಅವನು ಮುಖ ನೋಡಿ ಎಂಬತ್ತು ಎಂದು ಬರೆದ. ಅವಳ ಕಿರಿಮಗನಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ. ನನಗದು ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಡಾಕ್ಟರು ಮೇಜಿನ ಆಚೆಯಿಂದಲೇ ಕೇಳಿದರು. ಅವಳು ಅದನ್ನೇ ಹೇಳಿದಳು: ಮಣಿ ಬಿಗಿ ಆತು.

“ಇಷ್ಟು ವರ್ಷ ಆಗದ್ದು ಈಗ ಬಿಗಿ ಆಯ್ತಾ?” ಎಂದ ಕಂಪೌಂಡರ್. “ಒಂದು ಹಾಡು ಹೇಳು ಮಾರಾಯ್ತಿ, ನಿಮ್ಮ ಜನಕ್ಕೆ ಹಾಡಿದ್ರೆ ಎಲ್ಲ ಸಡಿಲ ಆಗ್ತದೆ!”

ಬೆಂಚಿನ ಮೇಲಿದ್ದವರು ನಕ್ಕರು. ನಾನೂ ನಕ್ಕೆ.

ಅವನು ಕತ್ತರಿ ತೋರಿಸಿದ. ಅಜ್ಜಿ ಎರಡೂ ಕೈಯಿಂದ ಸರಗಳನ್ನು ಒತ್ತಿ ಹಿಡಿದಳು. ಕುತ್ತಿಗೆಯ ಹಿಂದೆ ಬಿಗಿದ ಗಂಟುಗಳನ್ನು ಬಿಚ್ಚುವುದು ಮನೆಯ ಹೆಂಗಸರ ಕೈ ಮಾತ್ರ. “ಮನೇಲಿ ಸೊಸೆ ಬಿಚ್ತದೆ, ಒಡ್ಯಾ,” ಎಂದಳು.

“ಹಠ ನೋಡಿ,” ಎಂದರು ಡಾಕ್ಟರು ನನ್ನ ಕಡೆ ತಿರುಗಿ. “ಎಂಬತ್ತಾಯ್ತು, ದಮ್ಮು ಇದ್ದದ್ದೇ. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ.” ದಮ್ಮಿನ ಗುಳಿಗೆ ಕೊಟ್ಟರು. ಅವಳ ಹಣೆಯನ್ನು ಕೂಡ ಯಾರೂ ಮುಟ್ಟಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವಳೂರಿನ ಬಸ್ಸಿಗೆ ಕಾಯುವಾಗ ಅವಳ ಮುಖ ಕಪ್ಪಿಟ್ಟಿತು. ಕಣ್ಣು ಮೇಲಕ್ಕೆ ಹೋಯಿತು. ನಾನು “ನೀರು, ನೀರು” ಎಂದು ಕೂಗಿದೆ. ಕಲಿತದ್ದರಲ್ಲಿ ನೆನಪಾದದ್ದು ಅಷ್ಟೇ!

ಅಲ್ಲೇ ತನ್ನ ಬುಟ್ಟಿಯ ಪಕ್ಕ ಕೂತಿದ್ದ ಮೀನು ಮಾರುವ ಹೆಂಗಸೊಬ್ಬಳು ಎದ್ದು ಬಂದಳು. “ನೀರು ಎಲ್ಲಿ ಇಳೀತದೆ? ಕುತ್ತಿಗೆ ಕಾಣ್ಲಿಲ್ವಾ ನೀನು?” ಸರಗಳ ಅಡಿಗೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ. ಮೀನು ಕೊಯ್ಯುವ ಚೂರಿಯನ್ನು ಸೀರೆಗೆ ಒರೆಸಿಕೊಂಡಳು. “ಅಕ್ಕಾ, ಬೈಯೂದಾದ್ರೆ ಆಮೇಲೆ ಬೈ.”

ಮಣಿಗಳು ಚೆಲ್ಲಿದವು. ಗದ್ದದ ಕೆಳಗೆ ಮುಷ್ಟಿಗಾತ್ರದ ಕೆಂಪು ಬಾವು. ದಾರ ಕಚ್ಚಿದ ಗೆರೆಗಳು. ಸಿಳ್ಳೆಯಂತೆ ಉಸಿರು ಒಳಗೆ ಹೋಯಿತು.

ಮತ್ತೆ ದವಾಖಾನೆಗೇ ಓಡಿದೆವು. ಈ ಸಲ ಡಾಕ್ಟರು ಎದ್ದು ನಿಂತರು. ಬಾವು ಕೊಯ್ದು ಕೀವು ತೆಗೆದರು. ಕೈ ತೊಳೆಯುತ್ತ, “ಇಷ್ಟು ದೊಡ್ಡದಾಗೋ ತನಕ ಹೇಳ್ಬಾರದಾ?” ಎಂದರು.

“ಹೇಳಿದ್ದಳು,” ಎಂದೆ.

“ಅವರ ಭಾಷೆ ನಮಗೆ ಹೇಗೆ ತಿಳೀಬೇಕು?”

ಮಣಿ, ಬಿಗಿ, ಉಸಿರು. ಇದರಲ್ಲಿ ಯಾವುದು ಕನ್ನಡವಲ್ಲ?

ಅಜ್ಜಿ ಬದುಕಿದಳು. ಮರುವರ್ಷ ಅವಳೊಡನೆ ಮತ್ತೆ ಅಲ್ಲಿಗೆ ಹೋದಾಗ ಕಂಪೌಂಡರ್ ಹಳೆಯ ಚೀಟಿ ತೆಗೆದು, “ಎಂಬತ್ತೊಂದಾಯ್ತಲ್ಲ ಅಜ್ಜಿ, ಇನ್ನೆಂತ?” ಎಂದ. “ಅರವತ್ತೂ ಆಗಿಲ್ಲ, ತಿದ್ದಿ,” ಎಂದೆ. ಅವನು ತಿದ್ದಲಿಲ್ಲ.

ಡಾಕ್ಟರು ಕೇಳುವ ಮೊದಲೇ ಅವಳು ಹೊಸ ಸರಗಳನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕುತ್ತಿಗೆ ಮುಂದೆ ಚಾಚಿದಳು. “ಕಾಣಿ ಒಡ್ಯಾ, ಸಮಾ ಕಾಣಿ.”

ಅವತ್ತು ನೋವಿದ್ದದ್ದು ಅವಳ ಮೊಣಕಾಲಿನಲ್ಲಿ.