ಎಡಗೈ ತೋರಸು

ಚಳಿಗಾಲದ ಹಳೆಯ ಕೋಟನ್ನು ಚಾರಿಟಿ ಶಾಪಿಗೆ ಕೊಟ್ಟುಬಿಡೋಣವೆಂದು ಮೊನ್ನೆ ಬೀರುವಿನಿಂದ ತೆಗೆದೆ. ಕೊಡುವ ಮೊದಲು ಜೇಬು ತಡಕುವುದು ಅಮ್ಮನಿಂದ ಬಂದ ಅಭ್ಯಾಸ. ಒಂದರಲ್ಲಿ ಮುದುಡಿದ ಟಿಶ್ಯೂ, ಕೆಮ್ಮಿನ ಮಾತ್ರೆಯ ಕಾಗದ. ಇನ್ನೊಂದರ ತಳದಲ್ಲಿ ಅಸ್ತರು ಹರಿದಿತ್ತು. ಅದರೊಳಗೆ ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು. ಎಳೆದು ತೆಗೆದರೆ ಐವತ್ತು ಪೆನ್ಸಿನ ನಾಣ್ಯ. ಬಸ್ಸಿಗೂ ಕಾರ್ಡು, ಪಾರ್ಕಿಂಗಿಗೂ ಫೋನು ಆಗಿರುವ ಈ ಕಾಲದಲ್ಲಿ ನಾಣ್ಯ ಕೈಯಲ್ಲಿ ಹಿಡಿದೇ ಎಷ್ಟೋ ದಿನವಾಗಿತ್ತು. ಏಳು ಮೂಲೆಯ ನಾಣ್ಯ ಅದು, ಆದರೆ ಮೂಲೆಗಳು ಚುಚ್ಚಲಿಲ್ಲ. ಹೆಬ್ಬೆರಳಿನಿಂದ ಸುತ್ತ ಸವರಿ ನೋಡಿದೆ. ಎಲ್ಲವೂ ನುಣ್ಣಗೆ. ಅಂಥ ನಾಣ್ಯ ಇದ್ದದ್ದು ಒಂದೇ, ಎದುರು ಮನೆಯ ಆಂಟಿಯ ಹತ್ತಿರ. ಬೆರಳಿಗೆ ಹತ್ತಿದ ಲೋಹದ ವಾಸನೆ ಮೂಗಿಗೆ ಬಡಿದದ್ದೇ, ಕೋಟನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕೂತುಬಿಟ್ಟೆ...

ಸಟನ್ ಕೋಲ್ಡ್‌ಫೀಲ್ಡಿನ ಈ ಮನೆಗೆ ನಾವು ಬಂದ ಹೊಸತು. ಇವತ್ತು ಹೊರಗಿಡಬೇಕಾದದ್ದು ಯಾವ ಬಣ್ಣದ ಕಸದ ಬಿನ್ನು ಎಂದು ನಾನೂ ನನ್ನ ಗಂಡನೂ ರಸ್ತೆಯಲ್ಲೇ ನಿಂತು ಕನ್ನಡದಲ್ಲಿ ಕಿತ್ತಾಡುತ್ತಿದ್ದೆವು. ಎದುರು ಮನೆಯ ಬಾಗಿಲು ತೆರೆಯಿತು. "ಇವತ್ತ ಹಸಿರದ್ದವಾ, ಆತನ ಮಾತು ಕೇಳಬ್ಯಾಡ" ಎಂದಿತು ಒಂದು ದನಿ. ಸೀರೆಯ ಮೇಲೆ ಕಾರ್ಡಿಗನ್ ತೊಟ್ಟು, ಕಾಲಿಗೆ ಉಣ್ಣೆಯ ಚಪ್ಪಲಿ ಹಾಕಿಕೊಂಡ ಹೆಂಗಸು. ಆ ರಸ್ತೆಯಲ್ಲಿ ಕನ್ನಡ ಕೇಳಿದ ಸಂತೋಷಕ್ಕೆ ಜಗಳ ಅಲ್ಲೇ ಬಿದ್ದುಹೋಯಿತು. ಗಂಡ ಸೋತದ್ದು ಬೇರೆ ಸಂತೋಷ.

ಆಂಟಿ ಧಾರವಾಡದ ಕಡೆಯವರು. ಜಿಪಿಯಾಗಿ, ಅಂದರೆ ಬಡಾವಣೆಯ ಡಾಕ್ಟರಾಗಿ, ಬಹಳ ವರ್ಷ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಅಂಕಲ್ ಕಾರು ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರು. ನನ್ನ ಜೊತೆ ಬೆಂಗಳೂರಿನ ಕನ್ನಡ ಆಡಲು ಶುರುಮಾಡಿ ಎರಡನೇ ವಾಕ್ಯಕ್ಕೇ ಇಬ್ಬರೂ ಧಾರವಾಡಕ್ಕೆ ಜಾರುತ್ತಿದ್ದರು. ನಾನು ಕೆಲಸ ಮಾಡುವ ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ನನ್ನ ಹೆಸರಿಲ್ಲದ ಭಾನುವಾರಗಳಂದು ಮಧ್ಯಾಹ್ನದ ಚಹಾ ಅವರ ಮನೆಯಲ್ಲೇ. ಚಹಾದ ಜೊತೆಗೆ ಹಚ್ಚಿದ ಅವಲಕ್ಕಿ, ಅದಾದ ಮೇಲೆ ನಾಣ್ಯ.

ಆ ವಿದ್ಯೆಯನ್ನು ಆಂಟಿ ಕಲಿತದ್ದು ಸರ್ಜರಿಗೆ, ಅಂದರೆ ತಮ್ಮ ಕ್ಲಿನಿಕ್ಕಿಗೆ, ಬರುವ ಮಕ್ಕಳಿಗಾಗಿ. ಅಂಗೈಯ ನಾಣ್ಯವನ್ನು ಇನ್ನೊಂದು ಕೈಗೆ ಹಾಕಿದಂತೆ ಮಾಡುವುದು. ನಿಜಕ್ಕೂ ಅದು ಮೊದಲಿನ ಕೈಯಲ್ಲೇ, ಹೆಬ್ಬೆರಳಿನ ಬುಡದ ಮಾಂಸದಲ್ಲಿ ಕಚ್ಚಿಕೊಂಡಿರುತ್ತದೆ. ಮಗು ಬಾಯಿ ತೆರೆದು ಖಾಲಿ ಮುಷ್ಟಿಯನ್ನೇ ನೋಡುತ್ತಿರುವಾಗ ನರ್ಸ್ ಇಂಜೆಕ್ಷನ್ ಕೊಟ್ಟು ಮುಗಿಸುತ್ತಿದ್ದಳು. ಊರಿನ ಮಕ್ಕಳೆಲ್ಲ ಮೋಸ ಹೋದರು, ಆದರೆ ಅಂಕಲ್ ಒಂದು ಸಲವೂ ಹೋಗಲಿಲ್ಲ. ಆಂಟಿಯ ಬದುಕಿನಲ್ಲಿ ಬಗೆಹರಿಯದೆ ಉಳಿದಿದ್ದ ವ್ಯಾಜ್ಯವೆಂದರೆ ಅದೊಂದೇ.

ಮೊದಮೊದಲು ಆಂಟಿ ಎಲ್ಲರಂತೆ ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡುತ್ತಿದ್ದರಂತೆ. ಅಂಕಲ್ ಪೇಪರಿನಿಂದ ತಲೆಯೆತ್ತಿ, "ರೊಕ್ಕಾ ಎಡಗೈಯಾಗ ಯಾರ ಇಸ್ಕೋತಾರ?" ಎಂದು ಮತ್ತೆ ಪೇಪರಿಗೆ ಹೋಗುತ್ತಿದ್ದರು. ಅವರ ಮಾತು ನಿಜವೇ. ನಮ್ಮ ಕಡೆಯವರ ಕೈ ಹಾಗೆ ಹೋಗುವುದಿಲ್ಲ. ಅಂಗಡಿಯವ ಚಿಲ್ಲರೆ ಚಾಚಿದರೆ, ಬಲಗೈಯಲ್ಲಿ ಚೀಲವಿದ್ದರೂ ಅದನ್ನು ಎಡಕ್ಕೆ ದಾಟಿಸಿ ಬಲಗೈಯನ್ನೇ ಒಡ್ಡುತ್ತೇವೆ. ಇಲ್ಲಿನ ಮಕ್ಕಳಿಗೆ ಯಾವ ಕೈಯಾದರೂ ಒಂದೇ. ಧಾರವಾಡದ ಕಣ್ಣಿಗೆ ಮಾತ್ರ ಎಡಗೈ ನಾಣ್ಯಕ್ಕೆ ಒಡ್ಡಿಕೊಂಡಲ್ಲೇ ಸುಳ್ಳು ಗೊತ್ತಾಗಿಬಿಡುತ್ತಿತ್ತು.

ಹಾಗಾಗಿ ಆಂಟಿ ಕಲಿತದ್ದನ್ನೆಲ್ಲ ಮರೆತು, ಕೈ ಅದಲುಬದಲು ಮಾಡಿ ಮೊದಲಿನಿಂದ ಕಲಿಯಲು ಕೂತರು. ಈಗ ನಾಣ್ಯ ಎಡಗೈಯಿಂದ ಬಲಗೈಗೆ ಹೋದಂತೆ ಕಾಣಬೇಕು, ಎಡಗೈಯಲ್ಲೇ ಅಡಗಿರಬೇಕು. ಪಾತ್ರೆ ಹಿಡಿಯುವುದು ಬಿಟ್ಟು ಬೇರೇನೂ ಅಭ್ಯಾಸವಿಲ್ಲದ ಪೆದ್ದು ಕೈ ಅದು. ನಾನು ಪರಿಚಯವಾಗುವ ಹೊತ್ತಿಗೆ ಈ ಸಾಧನೆ ನಡೆದೇ ಇತ್ತು. ಬಿದ್ದ ನಾಣ್ಯ ಸದ್ದು ಮಾಡದಿರಲೆಂದು ಮಡಿಲ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದರು. ನಾಣ್ಯವನ್ನು ಎಡಗೈಯಲ್ಲಿ ಅಡಗಿಸಿಕೊಂಡೇ ಒಗ್ಗರಣೆ ಹಾಕುತ್ತಿದ್ದರು, ಫೋನಿನಲ್ಲಿ ಲೀಡ್ಸಿನ ಮಗಳ ಜೊತೆ ಮಾತಾಡುತ್ತಿದ್ದರು. "ಅಡಗಿಸೂದು ಸಣ್ಣ ಕೆಲಸ. ಅಡಗಿಸಿದ ಕೈ ಆರಾಮ ಇರಬೇಕು ನೋಡು, ಅದೇ ಬರವಲ್ದು" ಎನ್ನುತ್ತಿದ್ದರು. ಒಂದು ಯುಗಾದಿಯ ದಿನ ಅದು ಪಾಯಸದೊಳಕ್ಕೇ ಬಿತ್ತು. ಅಂಕಲ್ ಬಟ್ಟಲಿನಿಂದ ಚಮಚದಲ್ಲಿ ಅದನ್ನು ಎತ್ತಿ, ದ್ರಾಕ್ಷಿ ಗೋಡಂಬಿ ಮುಗಿದವೇನು ಎಂದು ಕೇಳಿದರು.

ನಾಣ್ಯದ ಮೂಲೆಗಳು ಕಚ್ಚಿ ಆಂಟಿಯ ಅಂಗೈಯಲ್ಲಿ ಕೆಂಪು ಗುರುತುಗಳು ಮೂಡಿರುತ್ತಿದ್ದವು. ಅದನ್ನು ಕಂಡ ಅಂಕಲ್ ಒಂದು ದಿನ ಗ್ಯಾರೇಜಿಗೆ ಹೋಗಿ, ಅರದಿಂದ ಒಂದೊಂದೇ ಮೂಲೆಯನ್ನು ಉಜ್ಜಿ, ಮೇಲೆ ಉಪ್ಪುಕಾಗದ ಎಳೆದು ತಂದುಕೊಟ್ಟರು. ಮೋಸ ಹೋಗಲು ಒಪ್ಪದ ಮನುಷ್ಯ ಮೋಸ ಮಾಡುವ ಕೈ ನೋಯಬಾರದೆಂದು ಇಷ್ಟು ಮಾಡಿದರು. ಆಂಟಿ ಅದನ್ನು ಎಡಗೈಯಲ್ಲಿ ಕೂರಿಸಿ ನೋಡಿದರು, ಬಲಗೈಯಿಂದ ಚಹಾ ಸುರಿದರು. ನನಗೆ ಆ ಹೊತ್ತಿನಲ್ಲಿ ನನ್ನ ಗಂಡನನ್ನು ನೋಡಬೇಕೆನ್ನಿಸಿ ಬೇಗ ಎದ್ದು ಮನೆಗೆ ಬಂದೆ.

ನಾನು ಕೆಲಸ ಮಾಡುವುದು ಎಕ್ಸ್‌ರೇ ವಿಭಾಗದಲ್ಲಿ. ಮಕ್ಕಳು ನುಂಗಿದ ನಾಣ್ಯಗಳನ್ನು ಪರದೆಯ ಮೇಲೆ ಬೆಳ್ಳಗೆ ಕಂಡು ಕಂಡು, ನಾಣ್ಯ ಮಾಯವಾಗುತ್ತದೆಂದರೆ ನಂಬುವ ಪೈಕಿ ನಾನಲ್ಲ. ಆಂಟಿ ಅಂಥ ನನ್ನನ್ನೂ ಕೊನೆಕೊನೆಗೆ ಪ್ರತಿಸಲ ಮೋಸಕ್ಕೆ ಬೀಳಿಸುತ್ತಿದ್ದರು. ಅಂಕಲ್ ಬಲಮುಷ್ಟಿಯ ಕಡೆ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. "ಎಡಗೈ ತೋರಸು" ಎನ್ನುತ್ತಿದ್ದರು, ಅಷ್ಟೇ. ಆಂಟಿ ಹಲ್ಲು ಕಚ್ಚಿ ಎಡಗೈ ತೆರೆಯುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದೆ. ಅಂಕಲ್ ನಕ್ಕು, "ಕೈ ಯಾರ ನೋಡತಾರ? ಸುಳ್ಳ ಹೇಳೂ ಮುಂದ ಈಕಿ ಉಸರ ಹಿಡೀತಾಳ" ಎಂದರು. ಆಂಟಿಗೂ ಅದು ಅಂದೇ ಗೊತ್ತಾದದ್ದು. ಮುಂದಿನ ಭಾನುವಾರದಿಂದ ಉಸಿರಿನ ಅಭ್ಯಾಸವೂ ಶುರುವಾಯಿತು. ಒಂದೇ ಒಂದು ಸಲ ಈ ಮನುಷ್ಯನನ್ನು ಗೆಲ್ಲಬೇಕು, ಆಮೇಲೆ ನಾಣ್ಯವನ್ನು ಖರ್ಚು ಮಾಡಿಬಿಡುತ್ತೇನೆ ಎನ್ನುತ್ತಿದ್ದರು.

ಗೆದ್ದ ದಿನ ನಾನು ಅಲ್ಲೇ ಇದ್ದೆ. ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು, ಕಿಟಕಿ ತೆರೆದಿತ್ತು. ಎಡಗೈಯ ನಾಣ್ಯ ಬಲಗೈಗೆ ಹೋಯಿತು, ಮುಷ್ಟಿ ಮುಚ್ಚಿತು. ಅಂಕಲ್ ಮುಷ್ಟಿಯನ್ನೇ ನೋಡುತ್ತಿದ್ದರು. ಆಂಟಿ ಒಂದೊಂದೇ ಬೆರಳು ಬಿಡಿಸಿದರು. ಖಾಲಿ. ಎಡಗೈ ತೋರಸು ಎಂಬ ಮಾತು ಬರಲಿಲ್ಲ. ನಾನು ಖುಷಿಯಿಂದ ಚಪ್ಪಾಳೆ ತಟ್ಟಿಯೇಬಿಟ್ಟೆ. ಅಷ್ಟರಲ್ಲಿ ಅಂಕಲ್ ಕುರ್ಚಿಯಿಂದ ಇಳಿದು, ಮೊಣಕಾಲೂರಿ, ಕಾರ್ಪೆಟ್ಟಿನ ಮೇಲೆ ಕೈಯಾಡಿಸತೊಡಗಿದರು. "ಎಲ್ಲೆ ಬಿತ್ತ ಅದು? ಈಗ ಇತ್ತಲ್ಲ..." ಸೋಫಾದ ಕೆಳಗೆ ಬಗ್ಗಿ ನೋಡಿದರು. ನನ್ನ ಚಪ್ಪಾಳೆ ನಿಂತಿತು. ಆಂಟಿಯ ಮುಖ ನೋಡಿದೆ. ಅದು ಹೆಂಡತಿಯ ಮುಖವಾಗಿರಲಿಲ್ಲ, ಡಾಕ್ಟರ ಮುಖವಾಗಿತ್ತು. ಅವರು ಮೆಲ್ಲನೆ ಪಕ್ಕದಲ್ಲಿ ಕೂತು, ಯಾರೂ ಕೇಳದೆಯೇ ಎಡಗೈ ತೆರೆದರು. "ಇಲ್ಲೇ ಅದ ರೀ. ಇಲ್ಲೇ ಅದ, ನೋಡ್ರಿ."

ನನ್ನನ್ನು ಕಳಿಸಲು ಬಾಗಿಲವರೆಗೆ ಬಂದವರು, "ಗೆದ್ದೆ ನೋಡವಾ" ಎಂದರು. ಅಷ್ಟು ಹೇಳಿ ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತರು. ಮರುದಿನ ತಾವೇ ಫೋನು ಮಾಡಿ, ಒಂದು ಕಾಲಕ್ಕೆ ತಾವೇ ಕೂತಿದ್ದ ಸರ್ಜರಿಯಲ್ಲಿ ಅಂಕಲ್‌ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಎಷ್ಟೋ ಮನೆಯವರಿಗೆ ಎದುರು ಕೂತು ಮೆಲ್ಲಗೆ ತಿಳಿಸಿಹೇಳಿದ್ದ ಮರೆವಿನ ಕಾಯಿಲೆ ಅದು. ತಮಗೆ ಯಾರೂ ಹೇಳುವ ಅಗತ್ಯ ಬೀಳಲಿಲ್ಲ.

ಆಮೇಲಿನ ಭಾನುವಾರಗಳಲ್ಲೂ ನಾಣ್ಯದಾಟ ನಿಲ್ಲಲಿಲ್ಲ. ಆದರೆ ಆಂಟಿ ಈಗ ಬೇರೆಯದೇ ಅಭ್ಯಾಸ ಮಾಡುತ್ತಿದ್ದರು. ಬೆರಳ ಸಂದಿಯಿಂದ ನಾಣ್ಯದ ಅಂಚು ಕಾಣುವಂತೆ ಬಿಡುತ್ತಿದ್ದರು. ಎಡಗೈಯನ್ನು ಬೇಕೆಂದೇ ಬಿಗಿ ಹಿಡಿಯುತ್ತಿದ್ದರು. ನಮಗೆಲ್ಲ ಕೇಳುವ ಹಾಗೆ ಉಸಿರು ಹಿಡಿಯುತ್ತಿದ್ದರು. ಇಷ್ಟು ವರ್ಷ ಬಚ್ಚಿಡಲು ಕಲಿತ ಕೈಗೆ ಸಿಕ್ಕಿಬೀಳುವುದು ಸುಲಭವಾಗಿ ಬರುತ್ತಿರಲಿಲ್ಲ. ಹಿಡಿಯಿರಿ, ಒಂದು ಸಲ ಹಿಡಿಯಿರಿ ಎಂದು ಅವರ ಕಣ್ಣು ಬೇಡುತ್ತಿತ್ತು. ಅಂಕಲ್ ಪ್ರತಿಸಲವೂ ಬಲಮುಷ್ಟಿಯನ್ನೇ ನೋಡಿ, ಖಾಲಿ ಅಂಗೈ ಕಂಡು ಮಗುವಿನಂತೆ ನಗುತ್ತಿದ್ದರು. ಒಮ್ಮೆ ಮಾತ್ರ, ಏನೆನ್ನಿಸಿತೋ, ಆಂಟಿಯ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆಂಟಿ ಕಾದರು, ನಾನೂ ಕಾದೆ. ಅವರು ಅದನ್ನು ಬಿಡಿಸಲಿಲ್ಲ, ಸುಮ್ಮನೆ ಹಿಡಿದುಕೊಂಡು ಕೂತರು. ಚಹಾ ಆರಿಹೋಯಿತು...

ಅಂಕಲ್ ಹೋದ ಮೇಲೆ ಮಗಳು ಆಂಟಿಯನ್ನು ಲೀಡ್ಸಿಗೆ ಕರೆದುಕೊಂಡು ಹೋದಳು. ಹೊರಡುವ ದಿನ ಮನೆಯಲ್ಲಿ ಪೆಟ್ಟಿಗೆಗಳ ರಾಶಿ, ಕೂರಲು ಕುರ್ಚಿಯಿಲ್ಲ. ನಾನು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಿದ್ದೆ. ಆಂಟಿ ಕಾರ್ಡಿಗನ್ನಿನಿಂದ ನಾಣ್ಯ ತೆಗೆದರು. ಅಂಕಲ್ ಹೋದಾಗಿನಿಂದ ಅದನ್ನು ಅವರ ಕೈಯಲ್ಲಿ ಕಂಡಿರಲಿಲ್ಲ. ನನ್ನನ್ನು ಎಳೆದು ಅಪ್ಪಿಕೊಂಡರು, ಕಣ್ಣೊರೆಸಿಕೊಂಡರು. ಆಮೇಲೆ ಎಡಗೈಯಿಂದ ಬಲಗೈಗೆ ಹಾಕಿ ಮುಷ್ಟಿ ಮುಚ್ಚಿ, ತೆರೆದರು. ಖಾಲಿ. ನನ್ನ ಬಾಯಿಂದ ತಾನಾಗಿ ಬಂತು: "ಎಡಗೈ ತೋರ್ಸಿ ಆಂಟಿ."

ಆ ಮಾತು ಕೇಳಿ ಅವರ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಎಡಗೈಯನ್ನೂ ತೆರೆದರು. ಅದೂ ಖಾಲಿ. ನಾನು ಅವರ ತೋಳು ಎತ್ತಿಸಿದೆ, ಕಾರ್ಡಿಗನ್ ತಡಕಿದೆ, ಸೆರಗು ಕೊಡವಿಸಿದೆ. ಆಂಟಿ ನಗುತ್ತಲೇ ಇದ್ದರು. "ಸಿಕ್ಕಾಗ ಫೋನ್ ಮಾಡವಾ" ಎಂದರು. ಹೊರಗೆ ಮಗಳು ಹಾರ್ನ್ ಹೊಡೆದಳು.

ನಾನು ತಪ್ಪು ಜಾಗದಲ್ಲೆಲ್ಲ ಹುಡುಕಿದ್ದೆ. ಅವರು ಅಪ್ಪಿಕೊಂಡಾಗಲೇ ನಾಣ್ಯ ನನ್ನ ಕೋಟಿನ ಜೇಬಿಗೆ ಇಳಿದಿತ್ತು, ಅಲ್ಲಿಂದ ಅಸ್ತರಿನೊಳಕ್ಕೆ. ಆಮೇಲೆ ಕೈ ಬದಲಾಯಿಸಿದ್ದು ಬರೀ ಗಾಳಿಯನ್ನು. ಅಷ್ಟು ಚಳಿಗಾಲ ಅದನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋಗಿ ಬಂದೆ. ಫೋನಿನಲ್ಲಿ ಆಂಟಿ ಪ್ರತಿಸಲ "ಸಿಕ್ತಾ?" ಎನ್ನುತ್ತಿದ್ದರು. ಎಲ್ಲಿದೆ ಎಂದರೆ ಹೇಳುತ್ತಿರಲಿಲ್ಲ. ಅದೊಂದು ತಮಾಷೆಯಾಗಿಬಿಟ್ಟಿತ್ತು ನಮ್ಮಿಬ್ಬರಿಗೆ. ಹೋದ ವರ್ಷ ಒಂದು ಬೆಳಿಗ್ಗೆ ಅವರ ಮಗಳು ಫೋನು ಮಾಡಿದಳು...

ಕೋಟನ್ನು ಕೊಡಲಿಲ್ಲ, ಮತ್ತೆ ಬೀರುವಿನಲ್ಲಿ ತೂಗುಹಾಕಿದೆ. ಕನ್ನಡಿಯ ಮುಂದೆ ನಿಂತು ನಾಣ್ಯವನ್ನು ಎಡಗೈಯಿಂದ ಬಲಗೈಗೆ ಹಾಕಿದಂತೆ ಮಾಡಿದೆ. ಕೈ ಆರಾಮವಾಗಿಯೇ ಇತ್ತು, ಆದರೆ ಉಸಿರು ಹಿಡಿದಿದ್ದೆ. ಆಗ ನನ್ನ ಮಗಳು ಶಾಲೆಯ ಚೀಲ ಹೊತ್ತು ಕೋಣೆಗೆ ಬಂದಳು. ತಿರುಗಿ ಅವಳಿಗೂ ಮಾಡಿ ತೋರಿಸಿದೆ. ಅವಳು ನನ್ನ ಖಾಲಿ ಬಲಗೈಯನ್ನು ನೋಡಿ, "ವಾವ್, ಮಮ್" ಎಂದು ಫೋನು ನೋಡುತ್ತ ಹೊರಟುಹೋದಳು. ನನ್ನ ಫೋನಿನಲ್ಲಿ ಆಂಟಿಯ ನಂಬರು ಇನ್ನೂ ಇದೆ, ಅಳಿಸಲು ಮನಸ್ಸಾಗಿಲ್ಲ. ಸಿಕ್ತು ಆಂಟಿ, ಎಂದೆ ಕನ್ನಡಿಗೆ. ಎಡಗೈ ಮುಚ್ಚಿಕೊಂಡೇ ಸ್ವಲ್ಪ ಹೊತ್ತು ನಿಂತೆ. ತೋರಿಸು ಎಂದು ಯಾರೂ ಕೇಳಲಿಲ್ಲ.